ನೋವು ನಿಂತಿತು, ಇನ್ನು ಅಡಿಕೆ ಕೊಯ್ಲು ಮುಗಿಲಿ ಅನ್ನುವ ಮುಂಚೆ

ಕೊಯ್ಲಿನ ನಡುವೆ ದವಡೆ ಹಲ್ಲು ಜುಮ್ಮೆನ್ನುತ್ತದೆ. ಹೇಗೋ ಒಂದು ದಿನ ಬಿಡುವು ಮಾಡಿಕೊಂಡು ಶಿವಮೊಗ್ಗಕ್ಕೆ ಹೋಗಿ ರೂಟ್ ಕೆನಾಲ್ (ಹಲ್ಲಿನೊಳಗಿನ ಕೆಟ್ಟ ನರ ತೆಗೆದು ತುಂಬುವ ಚಿಕಿತ್ಸೆ) ಶುರು ಮಾಡಿಸಿದರೆ ಅವತ್ತು ರಾತ್ರಿಯೇ ನಿದ್ದೆ. ಎರಡನೇ ಸಲ ಹೋಗುವುದು ಅಡಿಕೆ ಸುಲಿದು, ಬೇಯಿಸಿ, ಮಂಡಿಗೆ ಹಾಕಿದ ಮೇಲೆ. ಅಷ್ಟರೊಳಗೆ ಹಲ್ಲು ಸೀಳಿದ್ದರೆ ಬಹಳ ಸಲ ಉಳಿದ ದಾರಿ ಕೀಳುವುದೊಂದೇ.

ಮೊದಲ ಸಲವೇ ನೋವು ಹೋಗುವುದಕ್ಕೆ ಕಾರಣ ಸರಳ. ಹಲ್ಲಿಗೆ ತೂತು ಮಾಡಿ ಒಳಗಿನ ಕೆಟ್ಟ ನರ ತೆಗೆದಿರುತ್ತಾರೆ. ಆದರೆ ನರವಿದ್ದ ಬೇರಿನೊಳಗಿನ ನಾಳಗಳು ಇನ್ನೂ ಖಾಲಿ, ಮೇಲೆ ಇರುವುದು ತಾತ್ಕಾಲಿಕ ಸಿಮೆಂಟ್. ಅದು ಕೆಲವು ವಾರದ ಮಟ್ಟಿಗೆ ಹಾಕುವಂಥದ್ದು. ಅಂಚು ಸವೆದು ಎಂಜಲು ಒಳಗಿಳಿದರೆ ಮಾಡಿದ ಕೆಲಸವೆಲ್ಲ ಮತ್ತೆ ಮೊದಲಿನಿಂದ.

ಉಳಿದ ಕೆಲಸ ಇಷ್ಟು: ಸಣ್ಣ ಫೈಲುಗಳಿಂದ (ಅರದಂಥ ಸೂಜಿಗಳು) ನಾಳವನ್ನು ಬೇರಿನ ತುದಿಯವರೆಗೆ ಉಜ್ಜಿ, ಸೋಡಿಯಂ ಹೈಪೋಕ್ಲೋರೈಟ್ ಎಂಬ ಕ್ರಿಮಿನಾಶಕ ದ್ರಾವಣದಿಂದ ತೊಳೆದು, ಒಣಗಿಸಿ, ಗಟ್ಟಾ ಪರ್ಚಾ ಎಂಬ ರಬ್ಬರಿನಂಥ ಕಡ್ಡಿ ತುಂಬುವುದು. ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದೇ ನಾಳ. ಮೇಲಿನ ಮೊದಲ ದವಡೆ ಹಲ್ಲಿನಲ್ಲಿ ನಾಲ್ಕನೆಯ ನಾಳ ಬಹಳ ಸಲ ಅಡಗಿರುತ್ತದೆ; ಅದು ಕಣ್ಣುತಪ್ಪಿದರೆ ಚಿಕಿತ್ಸೆ ಮುಗಿದ ಮೇಲೂ ನೋವು ಉಳಿಯಬಹುದು. ಕೊನೆಗೆ ದವಡೆ ಹಲ್ಲಿಗೆ ಕ್ಯಾಪ್. ದುಡ್ಡು ಉಳಿಸಲು ಕ್ಯಾಪ್ ಬಿಡುವವರೂ ಇದ್ದಾರೆ. ನಡುವೆ ಟೊಳ್ಳು ಮಾಡಿದ ಹಲ್ಲಿನ ಗೋಡೆ ತೆಳ್ಳಗಿರುತ್ತದೆ, ಅದರ ಮೇಲೆ ಗಟ್ಟಿ ಗೋಟು ಅಡಿಕೆ ಕಡಿದರೆ ಸೀಳದೆ ಏನಾದೀತು?

ಎಲ್ಲ ಹುಳುಕಿಗೂ ರೂಟ್ ಕೆನಾಲ್ ಬೇಕಿಲ್ಲ. ತಣ್ಣೀರು ಕುಡಿದಾಗ ಚುಳ್ ಎಂದು ಒಂದೆರಡು ಸೆಕೆಂಡಿನಲ್ಲಿ ನಿಂತರೆ ನರ ಇನ್ನೂ ಚೇತರಿಸಿಕೊಳ್ಳುವ ಸ್ಥಿತಿಯಲ್ಲಿರುವ ಸಾಧ್ಯತೆ ಹೆಚ್ಚು, ಹುಳುಕು ತೆಗೆದು ತುಂಬಿಸಿದರೆ ಸಾಕಾಗಬಹುದು. ನೀರು ನುಂಗಿದ ಮೇಲೂ ಅರ್ಧ ನಿಮಿಷ ನೋವು ಎಳೆದರೆ, ರಾತ್ರಿ ತಾನಾಗಿಯೇ ಎಬ್ಬಿಸಿದರೆ, ನರದ ಕತೆ ಮುಗಿದಂತೆ. ಇದ್ದಕ್ಕಿದ್ದಂತೆ ನೋವು ನಿಂತಿತೆಂದು ಹಿಗ್ಗುವುದೂ ಬೇಡ. ನರ ಸತ್ತರೂ ನೋವು ನಿಲ್ಲುತ್ತದೆ, ಕೀವು ಬೇರಿನ ತುದಿಯಲ್ಲಿ ಸದ್ದಿಲ್ಲದೆ ಕೂರುತ್ತದೆ. ಆಂಟಿಬಯಾಟಿಕ್ ಮಾತ್ರೆ ಹುಳುಕನ್ನು ವಾಸಿ ಮಾಡುವುದಿಲ್ಲ.

ಹುಳುಕು ತುಂಬಿಸುವುದರಲ್ಲಿ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ. ಹಲ್ಲಿನ ಬಣ್ಣದ ಕಾಂಪೋಸಿಟ್ ಗಟ್ಟಿ, ನೋಡಲು ಚೆನ್ನ. ಆಸಿಡ್ ಜೆಲ್ ಹಚ್ಚಿ ತೊಳೆದು, ಅಂಟು ಬಳಿದು, ಎರಡು ಮಿಲಿಮೀಟರ್ ದಪ್ಪದ ಪದರ ಪದರವಾಗಿ ನೀಲಿ ಬೆಳಕಿನಲ್ಲಿ ಗಟ್ಟಿ ಮಾಡುತ್ತಾರೆ. ನಡುವೆ ಒಂದು ಹನಿ ಎಂಜಲು ತಾಗಿದರೂ ಅಂಟು ಹಿಡಿಯದೆ ಮುಂದೆ ಕಿತ್ತುಬರಬಹುದು. ಒಣಗಿಸಿಟ್ಟುಕೊಳ್ಳಲಾಗದ ಜಾಗಕ್ಕೆ, ವಸಡಿನ ಅಂಚಿಗೆ ಗ್ಲಾಸ್ ಅಯನೋಮರ್ ಎಂಬ ಸಿಮೆಂಟ್ ವಾಸಿ. ಸ್ವಲ್ಪ ಫ್ಲೋರೈಡ್ ಕೂಡ ಬಿಡುತ್ತದೆ, ಆದರೆ ಬೇಗ ಸವೆಯುತ್ತದೆ. ಹಾಕಿಸಿದ ದಿನ ಆ ಕಡೆ ಗಟ್ಟಿ ಅಗಿಯಬೇಡಿ. ಸಣ್ಣ ಮಕ್ಕಳು ಬಾಯಿ ತೆರೆಯಲು ಹಟ ಮಾಡಿದರೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವ ಹಚ್ಚಿ ಹುಳುಕು ತಡೆಯಬಹುದು, ಹಚ್ಚಿದ ಜಾಗ ಮಾತ್ರ ಕಪ್ಪಾಗುತ್ತದೆ.

ಇನ್ನೂ ತೂತಾಗದ, ಸುಣ್ಣದಂಥ ಬಿಳಿ ಮಚ್ಚೆಯಿದ್ದರೆ ಕೊರೆಯುವುದೇ ಬೇಡ. ಅಡಿಕೆಗೆ ಕೊಳೆ ರೋಗ ಬರುವ ಮುಂಚೆ ಬೋರ್ಡೋ ದ್ರಾವಣ ಹೊಡೆದ ಹಾಗೆ, ಸುಮಾರು 1000 ಪಿಪಿಎಂ ಫ್ಲೋರೈಡ್ ಪೇಸ್ಟಿನಲ್ಲಿ ದಿನಕ್ಕೆ ಎರಡು ಸಲ ಉಜ್ಜಿ, ಉಗುಳಿ, ಬಾಯಿ ಮುಕ್ಕಳಿಸದೆ ಬಿಡಿ. ಹಗಲಿಡೀ ಗುಟುಕು ಗುಟುಕಾಗಿ ಸಿಹಿ ಕಾಫಿ ಕುಡಿಯುತ್ತಿದ್ದರೆ ಪೇಸ್ಟೂ ಸೋಲುತ್ತದೆ.

ನೋವಿಗೆಂದು ಲವಂಗದ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ವಸಡಿಗೆ ಒತ್ತಿಟ್ಟರೆ ಸುಡುತ್ತದೆ. ಎಲೆ ಅಡಿಕೆಯಿಂದ ಕೆನ್ನೆ ಬಿಗಿದು ಮೂರು ಬೆರಳು ಬಾಯೊಳಗೆ ಹಿಡಿಸದಿದ್ದರೆ ಹಿಂದಿನ ಹಲ್ಲಿಗೆ ಫೈಲು ಹಾಕುವುದೇ ಕಷ್ಟ, ಆ ಬಿಗಿತವನ್ನೇ ವೈದ್ಯರಿಗೆ ಬೇರೆಯಾಗಿ ತೋರಿಸಬೇಕು.

ಕೀಳಿಸಿದ್ದರೆ ಹತ್ತಿಯನ್ನು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಕಚ್ಚಿರಿ. ಒಂದು ದಿನ ಜೋರಾಗಿ ಉಗುಳಬೇಡಿ, ಬಾಯಿ ಮುಕ್ಕಳಿಸಬೇಡಿ. ಕವಳ (ಎಲೆ ಅಡಿಕೆ), ಹೊಗೆಸೊಪ್ಪು, ಬೀಡಿಯನ್ನು ಇನ್ನೂ ಕೆಲವು ದಿನ ದೂರವಿಡಿ. ಹಲ್ಲು ಕಿತ್ತ ಗುಣಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಬಂದರೆ ಎರಡು-ಮೂರನೇ ದಿನಕ್ಕೆ ಕಿವಿಯವರೆಗೆ ಹರಡುವ ನೋವು ಏಳುತ್ತದೆ, ಆಗ ಮತ್ತೆ ಹೋಗಿ ಔಷಧಿ ಇಡಿಸಬೇಕು. ದವಡೆಯ ಕೆಳಗೆ ಬಾತು, ಜ್ವರ ಬಂದು, ನುಂಗಲು ಕಷ್ಟವಾದರೆ ಮಾತ್ರ ಬೆಳಗಿನ ಬಸ್ಸಿಗೆ ಕಾಯದೆ ರಾತ್ರಿಯೇ ಗಾಡಿ ಮಾಡಿಕೊಂಡು ದೊಡ್ಡಾಸ್ಪತ್ರೆಗೆ ಹೊರಡಿ.