ತೆನೆ ಹಬ್ಬಕ್ಕೆ ಮಂಗಳೂರಿಗೆ

ಧಾರವಾಡದಿಂದ ಮಂಗಳೂರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ಯಲ್ಲಾಪುರ ದಾಟಿದ ಮೇಲೆ ನನಗೆ ಎಂದೂ ನಿದ್ದೆ ಬಂದಿಲ್ಲ. ಅರಬೈಲು ಘಟ್ಟದ ತಿರುವುಗಳು ಒಂದು ಕಾರಣ. ಈ ಸಲ ಇನ್ನೊಂದು ಕಾರಣವೂ ಇತ್ತು. ಹೊರಡುವ ಮುನ್ನ ಮನೆಯಲ್ಲಿ ಸತ್ಯವೇದ (ಬೈಬಲ್) ತೆರೆದಾಗ ಇಬ್ರಿಯರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯ ಸಿಕ್ಕಿತ್ತು. ಇಷ್ಟು ಕಾಲದಲ್ಲಿ ನೀವು ಬೋಧಕರಾಗಿರಬೇಕಾಗಿತ್ತು, ಆದರೆ ನಿಮಗೇ ಯಾರಾದರೂ ಮೊದಲ ಪಾಠವನ್ನು ಮತ್ತೆ ಕಲಿಸಬೇಕಾಗಿದೆ, ಗಟ್ಟಿ ಆಹಾರ ತಿನ್ನಬೇಕಾದವರಿಗೆ ಹಾಲು ಬೇಕಾಗಿದೆ ಎಂದು ಆ ಪತ್ರಿಕೆ ಗದರಿಸುತ್ತದೆ. ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ, ನಮ್ಮ ಸಭೆಯ ಸಂಡೇ ಸ್ಕೂಲಿನಲ್ಲಿ ಹದಿನೆಂಟು ವರ್ಷ ಪಾಠ ಹೇಳಿದವನು ನಾನು. ಆ ಮಾತು ಎದೆಗೆ ನಾಟಿತು.

ಸಂಡೇ ಸ್ಕೂಲಿಗೆ ಹೋಗುವುದನ್ನು ಬಿಟ್ಟು ಆಗ ಹದಿನಾಲ್ಕು ತಿಂಗಳಾಗಿತ್ತು. ದೇವಾಲಯದ ಚಾವಣಿ ದುರಸ್ತಿಯ ಲೆಕ್ಕದ ವಿಷಯವಾಗಿ ಸಮಿತಿಯ ಹಿರಿಯರೊಬ್ಬರಿಗೂ ನನಗೂ ಮಾತು ಬೆಳೆದಿತ್ತು. ಲೆಕ್ಕ ನಾನು ಹೇಳಿದಂತೆಯೇ ಇತ್ತು ಎಂದು ಇಂದಿಗೂ ನಂಬುತ್ತೇನೆ. ಆದರೆ ಅದಾದ ಮೇಲೆ ನಾನು ಮಕ್ಕಳ ಮುಂದೆ ನಿಲ್ಲಲಿಲ್ಲ. ಪ್ರತಿ ಭಾನುವಾರ ಕೊನೆಯ ಬೆಂಚಿನಲ್ಲಿ ಕುಳಿತು, ಆಶೀರ್ವಚನ ಮುಗಿಯುವ ಮೊದಲೇ ಎದ್ದು ಬರುತ್ತಿದ್ದೆ. ಪ್ರಾರ್ಥನೆಯಲ್ಲಿ ಮೊದಲಿನ ಬಿಸಿ ಇಲ್ಲವಲ್ಲ ಎಂದು ದೇವರ ಮೇಲೆಯೇ ದೂರು ಹೊರಿಸುತ್ತಿದ್ದೆ.

ಆ ಹೊತ್ತಿನಲ್ಲಿ ಕಿಟೆಲ್ ಕಾಲೇಜಿನ ದಿನಗಳ ಗೆಳೆಯನೊಬ್ಬ ಮಂಗಳೂರಿನಿಂದ ಫೋನ್ ಮಾಡಿ, 'ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ, ಅಮ್ಮನಿಗೆ ಎಂಬತ್ತೆರಡು ತುಂಬಿತು, ಈ ಸಲವಾದರೂ ಬಾ' ಎಂದ. ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ ಅದು, ಹೊಸ ತೆನೆ ಮನೆಗೆ ತರುವ ದಿನವೂ ಹೌದು. ಅವನು ಕೊಂಕಣಿ ಮಾತಾಡುವ ಕ್ಯಾಥೊಲಿಕ್, ನಾನು ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ಮನೆತನದವನು. ನಲವತ್ತು ವರ್ಷಗಳ ಸ್ನೇಹದಲ್ಲಿ ಅವರ ಹಬ್ಬಕ್ಕೆ ನಾನು ಒಮ್ಮೆಯೂ ಹೋಗಿರಲಿಲ್ಲ. ಮರಿಯಮ್ಮನ ಪ್ರತಿಮೆಗೆ ಹೂವು ಹಾಕುವುದು ನಮ್ಮ ಪದ್ಧತಿಯಲ್ಲ ಎಂಬ ಸಂಕೋಚವಿತ್ತು.

ಒಂದು ದಿನ ಮೊದಲೇ ತಲುಪಿದ್ದರಿಂದ ಬೆಳಿಗ್ಗೆ ಬಲ್ಮಠಕ್ಕೆ ಹೋದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ನೆಲೆ ಮಾಡಿಕೊಂಡ ಗುಡ್ಡ ಅದು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು ಹೊರಡಿಸಿದ್ದು ಈ ಊರಿನಿಂದಲೇ. ಈಗ ಅಲ್ಲಿರುವ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ತಾಳೆಗರಿಗಳೂ ಮಿಶನ್ನಿನ ಕಾಲದ ಮುದ್ರಣಗಳೂ ಇವೆ. ಧಾರವಾಡದಿಂದ ಬಂದಿದ್ದೇನೆ ಎಂದಾಗ ಅಲ್ಲಿದ್ದವರು ನಕ್ಕು, ನಾನು ಕೇಳುವ ಮೊದಲೇ ಕಿಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟನ್ನು ತಂದು ಮೇಜಿನ ಮೇಲಿಟ್ಟರು.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಪುಸ್ತಕ. ಸುಮಾರು 70,000 ಪದಗಳು. ಕಾಲೇಜಿನ ಫಲಕದ ಮೇಲೆ ದಿನವೂ ಆ ಹೆಸರು ಓದಿಕೊಂಡು ಬೆಳೆದ ನನಗೆ ಪುಸ್ತಕದ ಭಾರ ಗೊತ್ತಾದದ್ದು ಅದನ್ನು ಎರಡೂ ಕೈಗಳಿಂದ ಎತ್ತಿದಾಗಲೇ. ಹಾಳೆ ತಿರುವುತ್ತಾ ಹೋದಂತೆ ಪದಗಳಿಗಿಂತ ಹೆಚ್ಚಾಗಿ ಅವುಗಳ ಕೆಳಗೆ ಕೊಟ್ಟಿದ್ದ ಗಾದೆಗಳನ್ನೇ ಓದತೊಡಗಿದೆ. ಹೊಲ, ಒಲೆ, ಅತ್ತೆ, ಸೊಸೆ, ಸಾಲ, ಎತ್ತು, ಮಳೆ. ಇವು ಗ್ರಂಥಗಳಿಂದ ಮಾತ್ರ ಬರುವ ಮಾತುಗಳಲ್ಲ. ಜನರ ಬಾಯಿಂದ ಕೇಳಿ ಬರೆದುಕೊಳ್ಳಬೇಕಾದವು.

ಬಾಸೆಲ್ ಮಿಶನ್ನಿನ ಜರ್ಮನ್ ಬೋಧಕ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಬಂದದ್ದು ಬೋಧಿಸುವುದಕ್ಕೆ. ಅವರು ಹೋದದ್ದು ನಮ್ಮ ಧಾರವಾಡಕ್ಕೇ. ಅಲ್ಲಿ ಅವರು ಮೊದಲು ಮಾಡಬೇಕಾದದ್ದು, ಮಗುವಿನಂತೆ ಅ ಆ ಇ ಈ ತಿದ್ದುವ ಕೆಲಸ. 1862ರಲ್ಲಿ 'ಕಥಾಮಾಲೆ' ಎಂಬ ಹೆಸರಿನಲ್ಲಿ ಯೇಸುವಿನ ಜೀವನವನ್ನು ಈ ನಾಡಿನ ಪದ್ಯದ ಧಾಟಿಯಲ್ಲಿಯೇ ಬರೆದರು. ಎರಡು ವರ್ಷಗಳ ನಂತರ ಹೆಂಡತಿ ಪೌಲೀನೆ ತೀರಿಕೊಂಡರು. ಆಮೇಲೆ ಕೇಶಿರಾಜನ ವ್ಯಾಕರಣ 'ಶಬ್ದಮಣಿದರ್ಪಣ'ವನ್ನೂ ನಾಗವರ್ಮನ 'ಛಂದೋಂಬುಧಿ'ಯನ್ನೂ ಸಂಪಾದಿಸಿದರು. ನಿಘಂಟು ಹೊರಬಂದಾಗ ಅವರ ವಯಸ್ಸು ಅರವತ್ತು ದಾಟಿತ್ತು. ಇಪ್ಪತ್ತೊಂದರ ಹರೆಯದಲ್ಲಿ ಅವರು ದೇವರಲ್ಲಿ ಬೇಡಿಕೊಂಡ ಫಲ ಇದಾಗಿರಲಿಕ್ಕಿಲ್ಲ ಎನಿಸಿತು. ಹೇಳಲು ಬಂದವರ ಆಯುಷ್ಯ ಕೇಳಿಸಿಕೊಳ್ಳುವುದರಲ್ಲಿ ಕಳೆಯಿತು. ಕೇಳಿಸಿಕೊಂಡದ್ದು ಎಪ್ಪತ್ತು ಸಾವಿರ ಪದಗಳಾಗಿ ಉಳಿಯಿತು.

ಅಲ್ಲಿ ಕುಳಿತು ನನಗೆ ನಾನೇ ಒಂದು ಪ್ರಶ್ನೆ ಕೇಳಿಕೊಂಡೆ. ನಮ್ಮ ಸಮಿತಿಯ ಆ ಹಿರಿಯರು ಹೇಳಿದ್ದರಲ್ಲಿ ಒಂದು ವಾಕ್ಯವಾದರೂ ನನಗೆ ನೆನಪಿದೆಯೇ? ನಾನು ಹೇಳಿದ್ದು ಮಾತ್ರ ಅಕ್ಷರಶಃ ನೆನಪಿತ್ತು.

ಮಧ್ಯಾಹ್ನ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಪ್ರಾರ್ಥನಾಲಯಕ್ಕೆ ಹೋದೆ. ಇಟಲಿಯಿಂದ ಬಂದ, ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂನ್ಯಾಸಿ ಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಗೋಡೆ, ಕಂಬ, ಮಾಡು ಒಂದನ್ನೂ ಬಿಡದೆ ಚಿತ್ರ ಬರೆದಿದ್ದಾರೆ. ಎಲ್ಲರೂ ಹೊಗಳುವ ಆ ಬಣ್ಣಗಳ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ನನ್ನ ಕಣ್ಣು ನೆಟ್ಟದ್ದು ಮಾಡಿನ ಮೇಲಿನ ಕಥೆಯಲ್ಲಿ. ಅಲೋಶಿಯಸ್ ಗೊಂಜಾಗ ಅರಸುಮನೆತನದ ಹಿರಿಯ ಮಗ. ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಜೆಸ್ವಿಟ್ ಸಭೆ ಸೇರಿದವನು. ರೋಮಿನಲ್ಲಿ ವ್ಯಾಧಿ ಹಬ್ಬಿದಾಗ ರೋಗಿಗಳ ಆರೈಕೆ ಮಾಡುತ್ತಾ ತನಗೂ ಅದು ತಗುಲಿ 1591ರಲ್ಲಿ ಸತ್ತ. ಆಗ ಅವನಿಗೆ ಇಪ್ಪತ್ಮೂರು ವರ್ಷ.

ಪಕ್ವತೆ ವಯಸ್ಸಿನೊಡನೆ ತಾನಾಗಿ ಬರುತ್ತದೆಂದು ನಾನು ತಿಳಿದಿದ್ದೆ. ಅರವತ್ತೆರಡರಲ್ಲಿ ನಾನು ಆ ಚಿತ್ರದ ಕೆಳಗೆ ಕತ್ತು ಎತ್ತಿ ನಿಂತಿದ್ದೆ. ಸರಿ ಇದ್ದ ಹಕ್ಕನ್ನೇ ಆ ಹುಡುಗ ಬಿಟ್ಟುಕೊಟ್ಟಿದ್ದ.

ಮರುದಿನ ಕುಲಶೇಖರದ ಇಗರ್ಜಿಯಲ್ಲಿ ಹಬ್ಬ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬೆಳಿಗ್ಗೆ ಬುಟ್ಟಿಯಲ್ಲಿ ಹೂವು ತಂದು ಹಾಡುತ್ತಾ ಬಾಲೆ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಎಂಟರಂದು ಹೊಸ ಭತ್ತದ ತೆನೆಗಳನ್ನು ಧರ್ಮಗುರುಗಳು ಆಶೀರ್ವದಿಸಿ, ಮೆರವಣಿಗೆಯಲ್ಲಿ ಒಳಗೆ ತಂದು, ಬಲಿಪೂಜೆ ಎಂಬ ಆರಾಧನೆಯ ಬಳಿಕ ಮನೆಮನೆಗೂ ಹಂಚುತ್ತಾರೆ. ನಾನು ಹಿಂದೆ ನಿಂತುಕೊಂಡೇ ಎಲ್ಲವನ್ನೂ ನೋಡಿದೆ. ದಾಸವಾಳ, ಗೊರಟೆ, ಬೇಲಿಯ ಹೆಸರಿಲ್ಲದ ಹೂವು, ಕೈಗೆ ಸಿಕ್ಕಿದ್ದನ್ನೆಲ್ಲ ಮಕ್ಕಳು ತಂದಿದ್ದರು. ಹಾಕಿದ ಮೇಲೆ ಯಾರೊಬ್ಬರೂ ತಿರುಗಿ ನೋಡಲಿಲ್ಲ. ಕೈಗೆ ಬಂದ ಕಬ್ಬಿನ ತುಂಡು ಹಿಡಿದುಕೊಂಡು ಅಂಗಳಕ್ಕೆ ಓಡಿದರು. ನನ್ನ ಸಂಕೋಚ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಮಕ್ಕಳ ಮುಂದೆ ನಿಲ್ಲದೆ ಎಷ್ಟು ಕಾಲವಾಯಿತು ಎಂಬುದೊಂದೇ ಮನಸ್ಸಿನಲ್ಲಿತ್ತು.

ಮನೆಯಲ್ಲಿ ಗೆಳೆಯ ತೆನೆಯ ಕಾಳುಗಳನ್ನು ಒಂದೊಂದಾಗಿ ಸುಲಿದು ತೆಂಗಿನ ಹಾಲಿಗೆ ಹಾಕಿದ. ಪ್ರಾರ್ಥನೆಯಾದ ಮೇಲೆ ಹಿರಿಯರಿಂದ ಕಿರಿಯರವರೆಗೆ ಎಲ್ಲರಿಗೂ ಒಂದೊಂದು ಗುಟುಕು. ಬಾಳೆಲೆಯ ಮೇಲೆ ಕೆಸುವಿನ ದಂಟು, ಹರಿವೆ, ಬೆಂಡೆ, ಹೀರೆ, ಅಮಟೆಕಾಯಿ, ಹೀಗೆ ಏಳು ಬಗೆಯ ತರಕಾರಿ. ಸಂಖ್ಯೆ ಬೆಸವಾಗಿರಬೇಕಂತೆ. ಆ ದಿನ ಮೀನು ಮಾಂಸ ಇಲ್ಲ. ಬೇರೆ ಬೇರೆ ಒಲೆ ಮಾಡಿಕೊಂಡ ಅಣ್ಣತಮ್ಮಂದಿರೂ ಆ ಒಂದು ಹೊತ್ತು ಒಟ್ಟಿಗೆ ಕುಳಿತು ಉಣ್ಣುತ್ತಾರೆ.

ಊಟದ ನಂತರ ಗೆಳೆಯನ ತಾಯಿ ಲಕೋಟೆಗಳ ಕಟ್ಟು ಹಿಡಿದು ಕಿಟಕಿಯ ಬಳಿ ಕುಳಿತರು. ಹಬ್ಬಕ್ಕೆ ಬರಲಾಗದವರಿಗೆ ತೆನೆಯ ಕಾಳುಗಳನ್ನು ಅಂಚೆಯಲ್ಲಿ ಕಳುಹಿಸುವ ವಾಡಿಕೆ ಇದೆ. ಕುವೈತಿನ ಮಗನಿಗೆ, ಪುಣೆಯ ಮೊಮ್ಮಗಳಿಗೆ. ಕೈ ನಡುಗುತ್ತಿದ್ದುದರಿಂದ ವಿಳಾಸ ಬರೆದುಕೊಡಲೇ ಎಂದು ಕೇಳಿದೆ. 'ಬೇಡ ಮಾಸ್ಟ್ರೇ, ನನ್ನ ಅಕ್ಷರವೇ ಇರಲಿ. ನಾನು ಇದ್ದೇನೆ ಎಂದು ಅವರಿಗೆ ಗೊತ್ತಾಗುತ್ತದೆ' ಎಂದರು. ಕೊನೆಯ ಲಕೋಟೆ ಮುಂಬಯಿಯ ತಂಗಿಗೆ. ತವರಿನ ಜಾಗದ ಪಾಲಿನ ವಿಷಯದಲ್ಲಿ ಆಕೆ ಮಾತು ಬಿಟ್ಟಿದ್ದಾರೆಂದು ಗೆಳೆಯ ಹೇಳಿದ್ದ.

'ತಂಗಿ ಉತ್ತರ ಬರೆಯುತ್ತಾರೆಯೇ ಅಮ್ಮ?'

'ಇಲ್ಲ. ಒಂಬತ್ತು ವರ್ಷವಾಯಿತು.' ಅಂಟು ಹಚ್ಚಿ, ಲಕೋಟೆಯ ಅಂಚನ್ನು ಉಗುರಿನಿಂದ ಒತ್ತಿದರು. 'ಆದರೆ ಕಾಗದ ಹಿಂದಕ್ಕೂ ಬಂದಿಲ್ಲ ಮಾಸ್ಟ್ರೇ. ವಿಳಾಸ ಸರಿ ಇದೆ ಎಂದಾಯಿತಲ್ಲ.'

ನನಗೆ ಮಾತೇ ಹೊರಡಲಿಲ್ಲ. ಪ್ರೀತಿಯಿಂದ ಸತ್ಯವನ್ನು ಅನುಸರಿಸುತ್ತಾ ಬೆಳೆಯಬೇಕು ಎಂದು ಎಫೆಸದವರಿಗೆ ಪೌಲನು ಬರೆದದ್ದನ್ನು ಎಷ್ಟೋ ಸಲ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಸತ್ಯವನ್ನು ನಾನು ಗಟ್ಟಿಯಾಗಿ ಹಿಡಿದಿದ್ದೆ. ವಾಕ್ಯದ ಇನ್ನೊಂದು ಭಾಗವನ್ನು ಈ ತಾಯಿ ಒಂಬತ್ತು ವರ್ಷಗಳಿಂದ, ಪ್ರತಿ ಸೆಪ್ಟೆಂಬರಿನಲ್ಲಿ, ಹಿಡಿಯಷ್ಟೂ ಇಲ್ಲದ ಕಾಳಿನೊಡನೆ ಅಂಚೆಗೆ ಹಾಕುತ್ತಿದ್ದಾರೆ.

ಲಕೋಟೆಗಳನ್ನು ನಾನೇ ಕೇಳಿ ತೆಗೆದುಕೊಂಡು ಪಾಂಡೇಶ್ವರದ ಪ್ರಧಾನ ಅಂಚೆ ಕಚೇರಿಗೆ ಹೋದೆ. ಮುಂಬಯಿಯ ಲಕೋಟೆಯನ್ನು ಎಲ್ಲಕ್ಕಿಂತ ಕೊನೆಗೆ ಹಾಕಿದೆ. ರಾತ್ರಿ ಬಸ್ ಹತ್ತುವಾಗ ಅವರು ಕಾಗದದಲ್ಲಿ ಸುತ್ತಿ ಕೊಟ್ಟಿದ್ದ ಎರಡು ತೆನೆ ನನ್ನ ಚೀಲದಲ್ಲಿತ್ತು. ಕುಂದಾಪುರದವರೆಗೆ ಮಳೆ ಸುರಿಯುತ್ತಿತ್ತು. ಘಟ್ಟ ಹತ್ತುವ ಹೊತ್ತಿಗೆ ನಿದ್ದೆ ಬಂದಿತ್ತು.

ಆ ಭಾನುವಾರ ಆರಾಧನೆಗೆ ಒಂದು ಗಂಟೆ ಮೊದಲೇ ದೇವಾಲಯಕ್ಕೆ ಹೋದೆ. ಸಂಡೇ ಸ್ಕೂಲಿನ ಕೋಣೆಗೆ ಬೀಗ ಹಾಕಿತ್ತು. ಬೀಗದ ಕೈ ಆ ಹಿರಿಯರ ಬಳಿ ಇರುತ್ತದೆ ಎಂದು ಕಾವಲುಗಾರ ಹೇಳಿದ. ತೆನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅವರ ಮನೆಗೆ ಹೋಗಿ ಬಾಗಿಲು ತಟ್ಟಿದೆ.