ಕೀಹೋಲ್ ಶಸ್ತ್ರಚಿಕಿತ್ಸೆಯೂ ರೋಗನಿರೋಧಕ ಶಕ್ತಿಯೂ

ನಮ್ಮ ಮನೆಯವರೊಬ್ಬರ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ ಪತ್ತೆಯಾದಾಗ, ಹೊಟ್ಟೆಯನ್ನು ಉದ್ದಕ್ಕೆ ಸೀಳದೆ ಸಣ್ಣ ರಂಧ್ರಗಳ ಮೂಲಕ ಮಾಡುವ ಕೀಹೋಲ್ ಶಸ್ತ್ರಚಿಕಿತ್ಸೆಯಾದರೆ ರೋಗನಿರೋಧಕ ಶಕ್ತಿ ಅಷ್ಟಾಗಿ ಕುಂದದು, ಹಾಗಾಗಿ ಕಾಯಿಲೆ ಮರಳಿ ಬರುವ ಭಯವೂ ಕಡಿಮೆ ಎಂದು ಹಲವರು ಧೈರ್ಯ ಹೇಳಿದರು. ಆ ಮಾತಿನ ಮೊದಲ ಭಾಗಕ್ಕೆ ತಕ್ಕಮಟ್ಟಿಗೆ ಆಧಾರವಿದೆ. ಎರಡನೆಯದನ್ನು ಅಷ್ಟು ಸುಲಭವಾಗಿ ಒಪ್ಪಲು ನನ್ನಿಂದಾಗಲಿಲ್ಲ.

ಹೊಟ್ಟೆಯನ್ನು ಉದ್ದಕ್ಕೆ ಸೀಳಿದಾಗ ಗಾಯಗೊಂಡ ಅಂಗಾಂಶದಿಂದ ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಏರುತ್ತದೆ. ಅದರ ಪ್ರಚೋದನೆಯಿಂದ ಯಕೃತ್ತು ತಯಾರಿಸುವ, ಉರಿಯೂತದ ಗುರುತಾದ ಸಿ-ರಿಯಾಕ್ಟಿವ್ ಪ್ರೋಟೀನ್ ಸುಮಾರು ಎರಡು ದಿನಗಳಲ್ಲಿ ತುದಿ ಮುಟ್ಟುತ್ತದೆ. ಈ ಉರಿಯೂತದ ಜೊತೆಯಲ್ಲೇ ನಿರೋಧಕ ವ್ಯವಸ್ಥೆಯ ಇನ್ನೊಂದು ಭಾಗ ಮಂಕಾಗುತ್ತದೆ. ಶತ್ರುವಿನ ಗುರುತನ್ನು ಟಿ ಕೋಶಗಳೆಂಬ ರಕ್ಷಕ ಕೋಶಗಳಿಗೆ ಎತ್ತಿ ತೋರಿಸಲು ಮೊನೊಸೈಟ್‌ಗಳೆಂಬ ಬಿಳಿ ರಕ್ತಕಣಗಳಿಗೆ ಬೇಕಾದ ಎಚ್‌ಎಲ್‌ಎ-ಡಿಆರ್ ಅಣುಗಳು ಅವುಗಳ ಮೇಲ್ಮೈಯಲ್ಲಿ ಕಡಿಮೆಯಾಗುತ್ತವೆ, ಗಡ್ಡೆಯ ಕೋಶಗಳನ್ನು ನೇರವಾಗಿ ಕೊಲ್ಲಬಲ್ಲ ನ್ಯಾಚುರಲ್ ಕಿಲ್ಲರ್ ಕೋಶಗಳೂ ಕೆಲವು ದಿನ ನಿಸ್ತೇಜವಾಗುತ್ತವೆ. ಕೀಹೋಲ್ ವಿಧಾನದಲ್ಲೂ ಒಳಗೆ ಕತ್ತರಿಸುವ ಕರುಳು ಅಷ್ಟೇ. ಕಿರಿದಾಗುವುದು ಹೊಟ್ಟೆಯ ಗೋಡೆಯ ಗಾಯ. ಅಷ್ಟರಿಂದಲೇ ರಕ್ತದ ಅಳತೆಗಳಲ್ಲಿ ವ್ಯತ್ಯಾಸ ಕಾಣುತ್ತದೆಂಬುದು ನನಗೆ ನಿಜಕ್ಕೂ ವಿಸ್ಮಯ. ನೆದರ್ಲೆಂಡ್ಸ್‌ನ ಲಾಫಾ ಅಧ್ಯಯನದಲ್ಲಿ ಎಚ್‌ಎಲ್‌ಎ-ಡಿಆರ್ ಚೆನ್ನಾಗಿ ಉಳಿದದ್ದು ಕೀಹೋಲ್ ವಿಧಾನದ ಜೊತೆಗೆ ಬೇಗ ಉಣಿಸಿ ಬೇಗ ನಡೆಸುವ ಆರೈಕೆಯೂ ಸಿಕ್ಕವರಲ್ಲಿ. ಅಂದರೆ ಮಂಚದ ಬಳಿಯ ಆರೈಕೆಗೂ ಇದರಲ್ಲಿ ಪಾಲಿದೆ.

ಆದರೆ ಕೆಲವು ದಿನಗಳ ಈ ಲಾಭ ವರ್ಷಗಳ ಆಯುಷ್ಯವಾಗಿ ಬದಲಾಗುತ್ತದೆಯೇ? ಬಾರ್ಸಿಲೋನಾದಲ್ಲಿ 219 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನ ಹೌದೆಂಬ ಆಸೆ ಹುಟ್ಟಿಸಿತು, ಅದೂ ಮುಖ್ಯವಾಗಿ ಹತ್ತಿರದ ದುಗ್ಧಗ್ರಂಥಿಗಳಿಗೆ ಹರಡಿದ ಮೂರನೆಯ ಹಂತದ ಕಾಯಿಲೆಯಲ್ಲಿ. ಎರಡು ವರ್ಷಗಳ ನಂತರ, 872 ರೋಗಿಗಳನ್ನು ಒಳಗೊಂಡ ಅಮೆರಿಕದ ಕಾಸ್ಟ್ ಅಧ್ಯಯನದಲ್ಲಿ, ಮೂರು ವರ್ಷಗಳಲ್ಲಿ ಕಾಯಿಲೆ ಮರುಕಳಿಸಿದ ಪ್ರಮಾಣ ಕೀಹೋಲ್‌ನಲ್ಲಿ ಶೇ. 16, ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಶೇ. 18 ಇತ್ತು, ಅದನ್ನು ವ್ಯತ್ಯಾಸವೆಂದು ಎಣಿಸುವಂತಿರಲಿಲ್ಲ. ಕೀಹೋಲ್ ತೆರೆದ ವಿಧಾನಕ್ಕಿಂತ ಕಡಿಮೆಯದಲ್ಲ ಎಂಬುದೇ ಅದರ ನಿರ್ಣಯ. ಉಪಕರಣ ತೂರಿಸಿದ ರಂಧ್ರಗಳಲ್ಲೇ ಗಡ್ಡೆ ಬೆಳೆಯಬಹುದೆಂದು ತೊಂಬತ್ತರ ದಶಕದಲ್ಲಿ ಕಾಡುತ್ತಿದ್ದ ಭಯವನ್ನು ನೆನೆದರೆ ಅದೇನು ಸಣ್ಣ ಸಮಾಧಾನವಲ್ಲ.

ನಾವು ಕೀಹೋಲ್ ವಿಧಾನವನ್ನೇ ಒಪ್ಪಿದೆವು. ನೋವು ಕಡಿಮೆ, ಏಳುವುದು ಬೇಗ ಎಂಬ ಕಾರಣಗಳೇ ನನಗೆ ಸಾಕಾಗಿದ್ದವು. ಮೊದಲ ದಿನಗಳಲ್ಲಿ ನಾನು ಪ್ರತಿ ಬೆಳಿಗ್ಗೆ ಕೇಳುತ್ತಿದ್ದುದು ಸಿ-ರಿಯಾಕ್ಟಿವ್ ಪ್ರೋಟೀನಿನ ಅಂಕಿಯನ್ನು, ಏಕೆಂದರೆ ಮೂರು-ನಾಲ್ಕನೆಯ ದಿನವೂ ಅದು ಇಳಿಯದಿದ್ದರೆ ಕರುಳಿನ ಜೋಡಣೆ ಸೋರುತ್ತಿರಬಹುದು. ರೋಗಶಾಸ್ತ್ರದ ವರದಿ ಬಂದಾಗ ಮೊದಲು ಹುಡುಕಿದ್ದು, ಪರೀಕ್ಷಿಸಿದ ದುಗ್ಧಗ್ರಂಥಿಗಳು ಕನಿಷ್ಠ 12 ಇವೆಯೇ ಎಂಬುದನ್ನು. ಕಾಯಿಲೆ ಅವುಗಳಿಗೆ ಹರಡಿದೆಯೇ ಇಲ್ಲವೇ ಎಂದು ನಂಬಿಕೆಯಿಂದ ಹೇಳಲು ಅಷ್ಟಾದರೂ ಬೇಕು.