ಸ್ಕ್ರೂ ಮೇಲಿನ ಲೋಳೆ: ಮೂರನೇ ವಾರ

ಲೋಹದ ಸ್ಕ್ರೂ ಮೇಲೆ ಬ್ಯಾಕ್ಟೀರಿಯಾದ ಲೋಳೆ ಬೆಳೆಸಿ ನೋಡುವುದು ನನ್ನ ಪ್ರಯೋಗ. ಮೊದಲ ಎರಡು ವಾರ ಬಾಟಲಿಗಳಲ್ಲಿ ಬೂಷ್ಟು ಬಿಟ್ಟು ಬೇರೇನೂ ಬೆಳೆಯಲಿಲ್ಲ. ಆಲೆಮನೆಯಿಂದ ತಂದ ಕಬ್ಬಿನ ಹಾಲನ್ನು ಕುದಿಸದೆ, ಮುಚ್ಚಳವನ್ನೂ ಸರಿಯಾಗಿ ಹಾಕದೆ ಇಟ್ಟವನಿಗೆ ಇನ್ನೇನು ಸಿಗಬೇಕು. ಈ ವಾರ ಹಾದಿಗೆ ಬಂದಿದೆ.

ಇದನ್ನು ಶುರುಮಾಡಿದ ಕಾರಣ ಅಣ್ಣನ ಕಾಲು. ಬೈಕಿನಿಂದ ಬಿದ್ದು ಮೊಣಕಾಲಿನ ಕೆಳಗಿನ ಮೂಳೆಗೆ ರಾಡ್ ಹಾಕಿಸಿಕೊಂಡಿದ್ದ. ನಾಲ್ಕನೇ ತಿಂಗಳಲ್ಲಿ ಹೊಲಿಗೆಯ ಪಕ್ಕ ಕೀವು ಬಂತು. ಮಾತ್ರೆ ನುಂಗಿದರೆ ಒಣಗುತ್ತಿತ್ತು, ನಿಲ್ಲಿಸಿದ ಹತ್ತು ದಿನಕ್ಕೆ ಮತ್ತೆ ಒಸರುತ್ತಿತ್ತು. ಕೊನೆಗೆ ರಾಡ್ ತೆಗೆದು, ಮೂಳೆಯೊಳಗೆಲ್ಲ ತೊಳೆದು, ಆ್ಯಂಟಿಬಯೋಟಿಕ್ ಬೆರೆಸಿದ ಸಿಮೆಂಟು ಸವರಿದ ಇನ್ನೊಂದು ರಾಡನ್ನು ತಾತ್ಕಾಲಿಕವಾಗಿ ಕೂರಿಸಿದರು. 'ಮಾತ್ರೆಯಲ್ಲಿ ಹೋಗದ್ದು ಕಾಲು ಕೊಯ್ದರೆ ಹೇಗೆ ಹೋಗುತ್ತದೆ?' ಎಂದು ಅಣ್ಣ ಕೇಳಿದ. ಮಂಡ್ಯದಲ್ಲಿ ಔಷಧ ಅಂಗಡಿ ನಡೆಸುವ ನಾನು ಉತ್ತರ ಹೇಳಬೇಕಿತ್ತು, ತಡವರಿಸಿದೆ.

ಗಾಯದ ಕ್ರಿಮಿಯನ್ನು ಮನೆಯಲ್ಲಿ ಬೆಳೆಸುವ ಹುಚ್ಚುತನ ನನಗಿಲ್ಲ. ಬದಲಿಗೆ ಅತ್ತಿಗೆಯ ಇಡ್ಲಿ ಹಿಟ್ಟಿನಿಂದ ಒಂದು ಚಮಚ ತೆಗೆದುಕೊಂಡೆ. ಹಿಟ್ಟನ್ನು ಉಬ್ಬಿಸುವ ಬ್ಯಾಕ್ಟೀರಿಯಾಗಳಲ್ಲಿ ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಒಂದು. ಕಡಿದ ಕಬ್ಬು ಎರಡು ಮೂರು ದಿನ ಗಾಡಿಯಲ್ಲೇ ಉಳಿದರೆ ಹಾಲು ಅಂಟಂಟಾಗುತ್ತದಲ್ಲ, ಅದೂ ಇದರದೇ ಕೆಲಸ. ಸಕ್ಕರೆಯನ್ನು ಒಡೆದು, ಅದರ ಗ್ಲೂಕೋಸ್ ಭಾಗವನ್ನು ಸರಪಳಿಯಾಗಿ ಪೋಣಿಸಿ ಡೆಕ್ಸ್ಟ್ರಾನ್ ಎಂಬ ಲೋಳೆ ಮಾಡುತ್ತದೆ. ಸಕ್ಕರೆ ಕಾರ್ಖಾನೆಯವರಿಗೆ ಇದು ತಲೆನೋವು. ಇದೇ ಡೆಕ್ಸ್ಟ್ರಾನ್ ಅನ್ನು ಶುದ್ಧಮಾಡಿ, ರಕ್ತಸ್ರಾವವಾದವರ ನರಕ್ಕೆ ಹನಿಹನಿಯಾಗಿ ಏರಿಸುವ ದ್ರವವಾಗಿಯೂ ಬಳಸಿದ್ದಾರೆ ಎನ್ನುವುದು ಬೇರೆ ಮಾತು.

ಸೋಮವಾರ. ಉದ್ದಿನಬೇಳೆ ನೆನೆಸಿದ ನೀರನ್ನು ಕುದಿಸಿ, ಸೋಸಿ, ಎರಡು ಪಾಲು ಮಾಡಿದೆ. ಒಂದಕ್ಕೆ ನೂರು ಮಿಲಿಲೀಟರಿಗೆ 10 ಗ್ರಾಂ ಸಕ್ಕರೆ, ಇನ್ನೊಂದಕ್ಕೆ ಅಷ್ಟೇ ಗ್ಲೂಕೋಸ್ ಪುಡಿ. ಎರಡಕ್ಕೂ ಹಿಟ್ಟಿನ ತಿಳಿಯನ್ನು ಐದೈದು ಹನಿ ಬಿಟ್ಟು, ಹಾರ್ಡ್‌ವೇರ್ ಅಂಗಡಿಯ ಸ್ಟೀಲ್ ಸ್ಕ್ರೂಗಳನ್ನು ದಾರದಲ್ಲಿ ಇಳಿಬಿಟ್ಟೆ. ಮೂಳೆಗೆ ಹಾಕುವುದು ಇದಕ್ಕಿಂತ ಒಳ್ಳೆಯ ಜಾತಿಯ 316ಎಲ್ ಸ್ಟೀಲು ಅಥವಾ ಟೈಟಾನಿಯಂ. ನನ್ನ ಬಜೆಟ್ಟಿಗೆ ಇಷ್ಟು ಸಾಕು.

ಮಂಗಳವಾರ. ಎರಡು ಬಾಟಲಿಯೂ ಮಬ್ಬು, ಎರಡೂ ಹುಳಿ ವಾಸನೆ. ಆದರೆ ಗ್ಲೂಕೋಸ್ ಬಾಟಲಿಯ ಸ್ಕ್ರೂ ಹೆಚ್ಚುಕಡಿಮೆ ಹಾಕಿದ ಹಾಗೆಯೇ ಇತ್ತು. ಸಕ್ಕರೆಯ ಬಾಟಲಿಯಲ್ಲಿದ್ದುದನ್ನು ಎತ್ತಿದಾಗ ತುದಿಯಿಂದ ಗಂಜಿಯಂತಹ ಎಳೆಯೊಂದು ಒಂದು ಗೇಣು ಇಳಿದು ಕಡಿಯಿತು. ಕ್ರಿಮಿ ಎರಡರಲ್ಲೂ ಇದೆ, ಲೋಳೆ ಒಂದರಲ್ಲೇ. ಬಯೋಫಿಲ್ಮ್, ಅಂದರೆ ಕ್ರಿಮಿಗಳು ಅಂಟಿಕೊಂಡು ಕಟ್ಟುವ ಲೋಳೆಯ ಪದರ, ಎಂದರೇನು ಎಂದು ಅಣ್ಣನಿಗೆ ತೋರಿಸಲು ಇಷ್ಟೇ ಸಾಕಾಯಿತು. ನಮ್ಮೆಲ್ಲರ ಚರ್ಮದ ಮೇಲೆ ಸುಮ್ಮನಿರುವ ಸ್ಟೆಫಿಲೊಕಾಕಸ್ ಎಪಿಡರ್ಮಿಡಿಸ್ ರಾಡಿಗೆ ಹತ್ತಿದರೆ ಹೀಗೆಯೇ ತನ್ನದೇ ಅಂಟು ಸುರಿಸಿ ಅದರೊಳಗೆ ಕೂರುತ್ತದೆ. ಅಂಟಿನ ರಾಸಾಯನಿಕ ಬೇರೆ, ಉಪಾಯ ಒಂದೇ.

ಈ ಹೊತ್ತಿನ ಸ್ಕ್ರೂವನ್ನು ಲೋಟದ ನೀರಿನಲ್ಲಿ ಹತ್ತು ಸಲ ಅಲ್ಲಾಡಿಸಿದೆ. ಲೋಳೆ ಬಹುಪಾಲು ಬಿಟ್ಟಿತು.

ಭಾನುವಾರ. ಆರು ದಿನ ಕಳೆದ ಸ್ಕ್ರೂ. ಹತ್ತು ಸಲ ಅಲ್ಲ, ಐವತ್ತು ಸಲ ಅಲ್ಲಾಡಿಸಿದರೂ ಮರೆಯ (ಸ್ಕ್ರೂವಿನ ಸುರುಳಿ ಗೆರೆಯ) ಸಂದುಗಳಲ್ಲಿ ಬೆಣ್ಣೆಯಂತೆ ಕೂತಿತ್ತು. ಬ್ಲೀಚಿನಲ್ಲಿ ಅದ್ದಿ, ಲೋಳೆಗೆ ಹತ್ತುವ ನೇರಳೆ ಬಣ್ಣವಾದ ಜೆನ್ಶಿಯನ್ ವಯೊಲೆಟ್ ಹಾಕಿದೆ, ಬಣ್ಣವೇ ಹತ್ತಲಿಲ್ಲ. 'ಬ್ಲೀಚು ಎಲ್ಲವನ್ನೂ ತೆಗೆಯಿತು' ಎಂದು ಡೈರಿಯಲ್ಲಿ ಬರೆದೂಬಿಟ್ಟೆ. ರಾತ್ರಿ ಕೈಗೆ ಮೆತ್ತಿದ್ದ ನೇರಳೆ ಕಲೆ ಅದೇ ಬ್ಲೀಚು ತಗುಲಿ ಮಾಯವಾದಾಗ ಹೊಳೆಯಿತು: ಹೋಗಿದ್ದು ಲೋಳೆಯೋ, ಬರೀ ಬಣ್ಣವೋ ಹೇಳುವಂತಿಲ್ಲ. ಡೈರಿಯ ಸಾಲಿಗೆ ಅಡ್ಡಗೆರೆ.

ಸೋಮವಾರ. ಬ್ಲೀಚು ಬಿಟ್ಟು ಹತ್ತು ನಿಮಿಷ ಕುದಿಸಿದೆ, ಬಣ್ಣ ಹಾಕಿ ತೊಳೆದೆ. ಮರೆಯ ಸುತ್ತಲೂ ಕಡು ನೇರಳೆ ಸುರುಳಿ. ಒಳಗಿನದು ಸತ್ತಿದೆ, ಮನೆ ಹಾಗೆಯೇ ನಿಂತಿದೆ. ಈ ಬಣ್ಣಕ್ಕೆ ಸತ್ತದ್ದು ಬದುಕಿದ್ದು ಎಂಬ ಭೇದವಿಲ್ಲ, ಅಂಟಿಗೂ ಹತ್ತುತ್ತದೆ. ಹಾಗಾಗಿ ಬಣ್ಣವೊಂದನ್ನೇ ನಂಬುವಂತಿಲ್ಲ. ಕುದಿಸದ ಇನ್ನೊಂದನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಚೆನ್ನಾಗಿ ಉಜ್ಜಿ, ಕಣ್ಣಿಗೆ ಫಳಫಳ ಹೊಳೆಯುವಂತೆ ಮಾಡಿ, ಹೊಸ ಸಕ್ಕರೆ ನೀರಿಗೆ ಬಿಟ್ಟೆ. ಜೊತೆಯಲ್ಲೇ ಕುದಿಸಿದ್ದ ಮತ್ತೊಂದು ಸ್ಕ್ರೂವನ್ನೂ ಬೇರೆ ಬಾಟಲಿಗೆ ಬಿಟ್ಟೆ.

ಮಂಗಳವಾರ ಬೆಳಗ್ಗೆ ಕುದಿಸಿದ್ದರ ನೀರು ತಿಳಿ. ಬ್ರಷ್ಷಿನಿಂದ ಉಜ್ಜಿದ್ದರ ನೀರು ಮಬ್ಬು, ಸ್ಕ್ರೂ ಮತ್ತೆ ಜಾರುತ್ತಿತ್ತು. ಅಣ್ಣ ಇದನ್ನು ಬಹಳ ಹೊತ್ತು ಹಿಡಿದು ನೋಡಿದ. ಕಾಲನ್ನಂತೂ ಕುದಿಸಲಾಗದು. ಮಾತ್ರೆಗಳಲ್ಲಿ ಹೆಚ್ಚಿನವು ಬೆಳೆಯುತ್ತಿರುವ ಕ್ರಿಮಿಯನ್ನು ಹೊಡೆಯುತ್ತವೆ. ಲೋಳೆಯ ತಳದಲ್ಲಿ ಮುದುಡಿ ಮಲಗಿರುವುದು ತಪ್ಪಿಸಿಕೊಂಡು, ಮಾತ್ರೆ ನಿಂತ ಮೇಲೆ ಏಳುತ್ತದೆ. ಉಜ್ಜಿ ತೊಳೆದರೂ ಸಂದಿನಲ್ಲಿ ಉಳಿಯುತ್ತದೆ. ಆದ್ದರಿಂದಲೇ ಹಳೆಯದಾದ ಸೋಂಕಿನಲ್ಲಿ ಲೋಹವನ್ನೇ ಹೊರತೆಗೆಯುವುದು. ಮೊದಲ ಕೆಲವು ವಾರಗಳಲ್ಲೇ ಸಿಕ್ಕಿಬಿದ್ದರೆ ಒಮ್ಮೊಮ್ಮೆ ತೊಳೆದು ಉಳಿಸಿಕೊಳ್ಳುತ್ತಾರೆ.

ಅಣ್ಣನ ಚೀಟಿಯಲ್ಲಿ ರಿಫಾಂಪಿಸಿನ್ ಇದೆ. ನಮ್ಮ ಅಂಗಡಿಯಲ್ಲಿ ಅದು ಕ್ಷಯದ ಮಾತ್ರೆ ಎಂದೇ ಪರಿಚಿತ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಗಾಬರಿಯಾಗಿ ಬೆಳಗಿನ ಐದಕ್ಕೆ ಫೋನ್ ಮಾಡಿದ್ದ. ಸ್ಟೆಫಿಲೊಕಾಕಸ್‌ನ ಲೋಳೆಯೊಳಕ್ಕೆ ಹೊಕ್ಕು ಕೆಲಸ ಮಾಡುವ ಕೆಲವೇ ಔಷಧಗಳಲ್ಲಿ ಇದೂ ಒಂದು. ಆದರೆ ಒಂಟಿಯಾಗಿ ಕೊಟ್ಟರೆ ಕ್ರಿಮಿ ಬೇಗ ಅದಕ್ಕೆ ಬಗ್ಗದಂತಾಗಿಬಿಡುತ್ತದೆ, ಅದಕ್ಕೇ ಇನ್ನೊಂದು ಮಾತ್ರೆಯ ಜೊತೆ. ಅವನು ಎರಡನೆಯದನ್ನು ಎರಡು ದಿನ ತಪ್ಪಿಸಿದ್ದು ಗೊತ್ತಾಗಿ ಅತ್ತಿಗೆ ಮಾತ್ರೆಯ ಡಬ್ಬಿಯನ್ನು ತಮ್ಮ ಸುಪರ್ದಿಗೆ ತೆಗೆದುಕೊಂಡಿದ್ದಾರೆ.

ಮುಂದಿನ ವಾರ: ಮರೆಯಿಲ್ಲದ ನುಣುಪು ಸರಳು ಒಂದು, ಮರೆಯಿರುವ ಸ್ಕ್ರೂ ಒಂದು, ಅದೇ ಸಕ್ಕರೆ ನೀರು, ಅದೇ ಆರು ದಿನ. ಅಂಟಿದ ಬಣ್ಣವನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಿಳಿ ಕಾಗದದ ಮುಂದೆ ಲೋಟಗಳನ್ನಿಟ್ಟು ಯಾವುದು ಕಡು ಎಂದು ನೋಡಬೇಕು. ಹಿಟ್ಟಿಗೆ ಮಾತ್ರ ಹೊಸ ಕರಾರು: ಚಮಚ ನನ್ನದೇ ಆಗಿರಬೇಕು, ಬಾಟಲಿಗಳು ಅಡುಗೆಮನೆಯ ಹೊಸ್ತಿಲು ದಾಟಬಾರದು.